ಮಗಳು ಕಾನ್ಸರ್ಟ್ ಪಿಯಾನಿಸ್ಟ್ ಆಗಬೇಕಂತೆ: ಡೊಂಬಿವಲಿಯ ತಾಯಿಯೊಬ್ಬರಿಗೆ ಉತ್ತರ

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಊರು ಕುಂದಾಪುರದ ಕಡೆ. ಮಗಳಿಗೆ 13 ವರ್ಷ. ಆರನೇ ವಯಸ್ಸಿನಿಂದ ಪಿಯಾನೊ ಕಲಿಯುತ್ತಿದ್ದಾಳೆ. ಈ ವರ್ಷ ಪಿಯಾನೊ ಪರೀಕ್ಷೆಯ 6ನೇ ಗ್ರೇಡ್ ಡಿಸ್ಟಿಂಕ್ಷನ್‌ನಲ್ಲಿ ಪಾಸಾದಳು. ಮನೆಯಲ್ಲಿರುವುದು ಡಿಜಿಟಲ್ ಪಿಯಾನೊ. ಒಂದೇ ಸಾಲನ್ನು ಅರ್ಧ ಗಂಟೆ ನುಡಿಸುತ್ತಾಳೆ, ಕೇಳಿ ಕೇಳಿ ನಮಗೆ ಸಾಕಾಗುತ್ತದೆ. ಈಗ ‘ಕಾನ್ಸರ್ಟ್ ಪಿಯಾನಿಸ್ಟ್ ಆಗುತ್ತೇನೆ’ ಅನ್ನುತ್ತಿದ್ದಾಳೆ. ನಮ್ಮ ಮನೆಯಲ್ಲಿ ಸಂಗೀತ ಅಂದರೆ ಅತ್ತೆಯವರ ದೇವರನಾಮ ಮಾತ್ರ. ‘ನಮ್ಮದಲ್ಲದ ಸಂಗೀತ ಯಾಕೆ, ವೀಣೆ ಕಲಿಸು’ ಅಂತ ಅವರು. ಪಿಯಾನಿಸ್ಟ್‌ಗಳ ಜೀವನ ಹೇಗಿರುತ್ತದೆ? ಹೊಟ್ಟೆಪಾಡು ನಡೆಯುತ್ತದೆಯೇ? ಶಾಲೆ ಬಿಡಿಸಿ ಪೂರ್ತಿ ಇದಕ್ಕೇ ಹಾಕಬೇಕೇ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಆ ಅರ್ಧ ಗಂಟೆಯ ಸಾಲಿನ ಮೇಲೆ ನಿಂತುಬಿಟ್ಟಿತು. ನೀವು ಅದನ್ನು ಬೇಸರದಿಂದ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಕಾಣಲಿಲ್ಲ.

ನಾನು ಮಾಟುಂಗದಲ್ಲಿ ಮೂವತ್ತು ವರ್ಷದಿಂದ ಪಿಯಾನೊ ಕಲಿಸುತ್ತಿದ್ದೇನೆ. ಪರೀಕ್ಷೆಗೆ ಕೂರುವ ಪಿಟೀಲು, ಕೊಳಲು, ಹಾಡಿನ ಮಕ್ಕಳಿಗೆ ಪಕ್ಕವಾದ್ಯ ನುಡಿಸುತ್ತೇನೆ. ‘ಪಿಯಾನಿಸ್ಟ್ ಆಗಬೇಕು’ ಅಂದ ಮಕ್ಕಳನ್ನು ಬಹಳ ನೋಡಿದ್ದೇನೆ. ಹೆಚ್ಚಿನವರಿಗೆ ಬೇಕಾಗಿರುವುದು ವೇದಿಕೆ, ದೀಪ, ಚಪ್ಪಾಳೆ. ಅದು ತಪ್ಪಲ್ಲ. ಆದರೆ ಪಿಯಾನಿಸ್ಟ್‌ನ ಜೀವನದಲ್ಲಿ ಅದು ಬರುವುದು ಒಂದು ಸಂಜೆ, ಒಂದೂವರೆ ಗಂಟೆ. ಉಳಿದ ದಿನವೆಲ್ಲ ಒಂದು ಕೋಣೆ, ಒಂದು ಪಿಯಾನೊ, ಮತ್ತೆ ಒಬ್ಬರೇ. ಆ ಕೋಣೆ ಹಿಡಿಸಿದರೆ ಮಾತ್ರ ಈ ದಾರಿ.

ಹಾಗಾಗಿ ಒಂದು ಕೆಲಸ ಮಾಡಿ. ಅವಳು ಅಭ್ಯಾಸಕ್ಕೆ ಕೂತಾಗ ಅಡುಗೆಮನೆಯಿಂದಲೇ ಕಿವಿಗೊಟ್ಟು ಕೇಳಿ. ಮೊದಲಿನಿಂದ ಶುರು ಮಾಡಿ, ತಪ್ಪಿದ ಕಡೆ ನಿಂತು, ಮತ್ತೆ ಮೊದಲಿನಿಂದ ಓಡುತ್ತಾಳಾ? ಅಥವಾ ತಪ್ಪಿದ ಜಾಗವನ್ನೇ ಎತ್ತಿಕೊಂಡು ಬಿಡಿಸಿ ನೋಡುತ್ತಾಳಾ? ಎಡಗೈ ಒಂದೇ, ಆಮೇಲೆ ಬಲಗೈ ಒಂದೇ, ಆಮೇಲೆ ಅರ್ಧ ವೇಗದಲ್ಲಿ ಎರಡೂ ಕೈ. ಎರಡನೆಯದಾದರೆ ಅವಳಿಗೆ ಕೆಲಸ ಮಾಡುವುದು ಗೊತ್ತಿದೆ. ಅದನ್ನು ಯಾರೂ ಸುಲಭವಾಗಿ ಕಲಿಸಲಾರರು.

ನನ್ನ ಹತ್ತಿರ ಕಲಿತ ಒಬ್ಬ ಹುಡುಗಿ ನೆನಪಾಗುತ್ತಾಳೆ. ಪೋಲೆಂಡಿನ ರಚನೆಕಾರ ಶೋಪಾನ್ ಅವರ ಇ ಫ್ಲ್ಯಾಟ್ ಮೇಜರ್ ನಾಕ್ಟರ್ನ್ ಅನ್ನುವ ನಿಧಾನಗತಿಯ ರಚನೆ ಕಲಿಯುತ್ತಿದ್ದಳು. ಅದರಲ್ಲಿ ಎಡಗೈ ಕೆಳಗಿನ ಒಂದು ಸ್ವರ ಮುಟ್ಟಿ, ಅಲ್ಲಿಂದ ಮೇಲಕ್ಕೆ ಹಾರಿ, ಎರಡು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ನುಡಿಸಬೇಕು. ಮತ್ತೆ ಕೆಳಗೆ. ಇಡೀ ರಚನೆಯ ಉದ್ದಕ್ಕೂ ಇದೇ. ಅವಳ ಕೈ ಹಾರಿ ಬಂದು ಭಾರವಾಗಿ ಬೀಳುತ್ತಿತ್ತು. ಬಲಗೈ ಹಾಡುವ ಹಾಡು ಅದರಲ್ಲಿ ಮುಳುಗಿ ಹೋಗುತ್ತಿತ್ತು. ಒಂದು ದಿನ ಪಾಠಕ್ಕೆ ಐದು ನಿಮಿಷ ಮೊದಲೇ ಬಂದಿದ್ದಳು. ನಾನು ಒಳಗಿನಿಂದ ಬಂದು ನೋಡುತ್ತೇನೆ, ಪಿಯಾನೊ ಮುಂದೆ ಕೂತಿದ್ದಾಳೆ, ಶಬ್ದವೇ ಇಲ್ಲ. ಕಣ್ಣು ಮುಚ್ಚಿಕೊಂಡಿದ್ದಾಳೆ. ಎಡಗೈ ಕೆಳಗಿನಿಂದ ಹಾರುತ್ತದೆ, ಕಾರ್ಡ್‌ನ ಕೀಗಳ ಮೇಲೆ ಹಕ್ಕಿ ಕೂತ ಹಾಗೆ ಕೂರುತ್ತದೆ, ಒತ್ತುವುದಿಲ್ಲ. ವಾಪಸ್ ಹೋಗುತ್ತದೆ. ಮತ್ತೆ ಹಾರುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಕಂಡುಕೊಂಡದ್ದು. ನಾನು ಹಾಗೇ ಬಾಗಿಲಲ್ಲಿ ನಿಂತೆ. ಈ ಮಗು ಮುಂದೆ ಹೋಗುತ್ತಾಳೆ ಅಂತ ಅವತ್ತೇ ಅನಿಸಿತು. ಅವಳು ಈಗ ಹೊರದೇಶದಲ್ಲಿ ಓದುತ್ತಿದ್ದಾಳೆ.

ಇನ್ನು ಕಾನ್ಸರ್ಟ್ ಪಿಯಾನಿಸ್ಟ್‌ನ ಜೀವನ. ನಮ್ಮ ಕಛೇರಿಯಲ್ಲಿ ಹಾಡುವವರ ಪಕ್ಕ ಪಿಟೀಲು, ಮೃದಂಗ, ಹಿಂದೆ ತಂಬೂರಿ ಇರುತ್ತದೆ. ಪಿಯಾನೊ ರಿಸೈಟಲ್‌ನಲ್ಲಿ ಇವರು ಯಾರೂ ಇಲ್ಲ. ಒಬ್ಬರೇ ಬಂದು ಇಡೀ ಸಂಜೆ ನುಡಿಸುವ ಈ ಪದ್ಧತಿ ಬಹಳ ಹಳೆಯದೇನಲ್ಲ. 1840ರಲ್ಲಿ ಹಂಗೆರಿಯ ಪಿಯಾನಿಸ್ಟ್ ಫ್ರಾನ್ಜ್ ಲಿಸ್ಟ್ ಲಂಡನ್‌ನಲ್ಲಿ ನುಡಿಸಿದಾಗ ‘ರಿಸೈಟಲ್’ ಅನ್ನುವ ಹೆಸರು ಬಳಕೆಗೆ ಬಂತು. ಅದಕ್ಕೆ ಮೊದಲು ಒಂದೇ ಕಾರ್ಯಕ್ರಮದಲ್ಲಿ ಹಾಡು, ಪಿಟೀಲು, ಪಿಯಾನೊ ಎಲ್ಲ ಬೆರೆತಿರುತ್ತಿತ್ತು. ಪುಸ್ತಕ ನೋಡದೆ ಬಾಯಿಪಾಠದಿಂದ ನುಡಿಸುವ ರೂಢಿಗೂ ಅದೇ ಕಾಲದ ಲಿಸ್ಟ್ ಮತ್ತು ಜರ್ಮನಿಯ ಪಿಯಾನಿಸ್ಟ್ ಕ್ಲಾರಾ ಶೂಮನ್ ಕಾರಣ. ಇಬ್ಬರು ಹಾಕಿದ ರೂಢಿ ಇವತ್ತಿಗೂ ಎಲ್ಲರ ತಲೆಯ ಮೇಲಿದೆ. ಒಂದೂವರೆ ಗಂಟೆಯ ಸಂಗೀತ, ಸಾವಿರಾರು ಸ್ವರ, ಒಂದೂ ಬದಲಾಗುವಂತಿಲ್ಲ. ನಮ್ಮಲ್ಲಿ ಸ್ವರಕಲ್ಪನೆಯಲ್ಲಿ ಒಂದು ಕಡೆ ಸಿಕ್ಕಿಕೊಂಡರೆ ಇನ್ನೊಂದು ದಾರಿ ಹಿಡಿದು ಬರಬಹುದು. ಇಲ್ಲಿ ದಾರಿ ಒಂದೇ. ರಚನೆಕಾರ ಬಾಖ್ ಅವರ ಫ್ಯೂಗ್ ಅನ್ನುವ ಬಗೆಯ ರಚನೆ ಒಂದರಲ್ಲಿ ನಾಲ್ಕು ಎಳೆ ಒಟ್ಟಿಗೆ ಓಡುತ್ತಿರುತ್ತವೆ. ಒಂದು ಎಳೆ ಕೈತಪ್ಪಿದರೆ ನಾಲ್ಕೂ ಬಿಚ್ಚಿಹೋಗುತ್ತವೆ.

ಹೆಸರಾಂತ ಪಿಯಾನಿಸ್ಟರಿಗೂ ವೇದಿಕೆ ಸುಲಭವಾಗಿರಲಿಲ್ಲ. ಸ್ವಿಯಾತೊಸ್ಲಾವ್ ರಿಕ್ಟರ್ ಕೊನೆಯ ವರ್ಷಗಳಲ್ಲಿ ಸಭಾಂಗಣ ಪೂರ್ತಿ ಕತ್ತಲು ಮಾಡಿಸಿ, ಒಂದೇ ಒಂದು ದೀಪದ ಬೆಳಕಲ್ಲಿ ಪುಸ್ತಕ ಇಟ್ಟುಕೊಂಡೇ ನುಡಿಸಿದರು. ವ್ಲಾಡಿಮಿರ್ ಹೊರೊವಿಟ್ಸ್ 1953ರಲ್ಲಿ ವೇದಿಕೆ ಬಿಟ್ಟವರು ವಾಪಸ್ ಬಂದದ್ದು 12 ವರ್ಷದ ಮೇಲೆ. ಗ್ಲೆನ್ ಗೂಲ್ಡ್ 1964ರಲ್ಲಿ, ಬರೀ 31ನೇ ವಯಸ್ಸಿನಲ್ಲಿ, ಕಛೇರಿ ನುಡಿಸುವುದನ್ನೇ ನಿಲ್ಲಿಸಿದರು, ಉಳಿದ ಜೀವನವೆಲ್ಲ ಧ್ವನಿಮುದ್ರಣದ ಕೋಣೆಯಲ್ಲೇ ಕಳೆದರು. ಮಾರ್ತಾ ಆರ್ಗೆರಿಚ್ 1980ರ ದಶಕದಿಂದ ಒಬ್ಬರೇ ಕೂತು ನುಡಿಸುವುದನ್ನು ಬಹುತೇಕ ಬಿಟ್ಟು, ಗೆಳೆಯರ ಜೊತೆಗೋ ಆರ್ಕೆಸ್ಟ್ರಾ ಜೊತೆಗೋ ನುಡಿಸುತ್ತ ಬಂದಿದ್ದಾರೆ. ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಮಗಳಿಗೆ ಪರೀಕ್ಷೆಯ ದಿನ ಕೈ ತಣ್ಣಗಾದರೆ, ಅದು ಅವಳೊಬ್ಬಳ ದೌರ್ಬಲ್ಯ ಅಂತ ಅವಳು ಅಂದುಕೊಳ್ಳಬಾರದು ಅಂತ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ ಹೊರಗಿನವರಿಗೆ ಹೊಳೆಯುವುದಿಲ್ಲ. ಪಿಟೀಲಿನವರು ತಮ್ಮ ಪಿಟೀಲು ತಾವೇ ಹೊತ್ತುಕೊಂಡು ಹೋಗುತ್ತಾರೆ. ಪಿಯಾನಿಸ್ಟ್ ಪ್ರತಿ ಊರಲ್ಲೂ ಅಪರಿಚಿತ ಪಿಯಾನೊ ಮುಂದೆ ಕೂರಬೇಕು. ಕ್ರಿಸ್ಟಿಯಾನ್ ಜಿಮೆರ್‌ಮನ್ ತರಹದವರು ತಮ್ಮದೇ ಪಿಯಾನೊ ಸಾಗಿಸಿಕೊಂಡು ಹೋಗುತ್ತಾರೆ, ಆದರೆ ಅಂಥವರು ಬೆರಳೆಣಿಕೆಯಷ್ಟು. ಸ್ಟೈನ್‌ವೇ ಕಂಪನಿಯ ದೊಡ್ಡ ಕಾನ್ಸರ್ಟ್ ಪಿಯಾನೊ 274 ಸೆಂಟಿಮೀಟರ್ ಉದ್ದ, ತೂಕ ಹತ್ತಿರಹತ್ತಿರ 500 ಕಿಲೊ. ಅದನ್ನು ವಿಮಾನದಲ್ಲಿ ಜೊತೆಗೆ ಒಯ್ಯುವುದು ಎಲ್ಲರ ಕೈಲಾಗುವ ಮಾತಲ್ಲ, ಅಲ್ವಾ?

ಹಲವು ವರ್ಷದ ಹಿಂದೆ ದಕ್ಷಿಣ ಮುಂಬಯಿಯ ಒಂದು ಸಭಾಂಗಣದಲ್ಲಿ, ಪುಸ್ತಕ ಇಟ್ಟುಕೊಂಡೇ ನುಡಿಸುವ, ಹೊರಗಿನಿಂದ ಬಂದ ಪಿಯಾನಿಸ್ಟ್ ಒಬ್ಬರಿಗೆ ಪುಟ ತಿರುವುವ ಕೆಲಸ ನನಗೆ ಸಿಕ್ಕಿತ್ತು. ಕಛೇರಿ ಏಳಕ್ಕೆ. ಅವರು ಮೂರೂವರೆಗೇ ಬಂದರು. ಬಂದವರು ಓಡುವ ಭಾಗ ಯಾವುದನ್ನೂ ಮುಟ್ಟಲಿಲ್ಲ. ತೀರ ಮೆಲ್ಲಗಿನ ನಾಲ್ಕೈದು ಸಾಲುಗಳನ್ನಷ್ಟೇ ನುಡಿಸುತ್ತ ಹೋದರು. ಯಾವ ಕೀ ಸ್ವಲ್ಪ ತಡವಾಗಿ ಮಾತಾಡುತ್ತದೆ, ಯಾವುದು ಮುಟ್ಟಿದರೆ ಕಿರುಚುತ್ತದೆ, ಪೆಡಲ್ ಎಷ್ಟು ಒತ್ತಿದರೆ ಹಿಡಿಯುತ್ತದೆ ಅಂತ ಹುಡುಕುತ್ತಿದ್ದರು. ನನ್ನನ್ನು ಕೊನೆಯ ಸಾಲಲ್ಲಿ ಕೂರಿಸಿ ‘ಕೇಳಿಸುತ್ತಿದೆಯಾ’ ಅಂತ ಕೇಳುತ್ತಿದ್ದರು. ಐದೂವರೆಗೆ ಹಿಂದಿನ ಕೋಣೆಗೆ ಹೋಗಿ, ಬಿಸಿನೀರಿನ ಬೋಗುಣಿಯಲ್ಲಿ ಕೈ ಇಳಿಬಿಟ್ಟು ಕೂತರು. ಎಸಿಯ ತಣ್ಣನೆ ಗಾಳಿಗೆ ಬೆರಳು ಬಿಗಿಯಾಗಿತ್ತು. ನಾನು ಮಾಟುಂಗದಿಂದ ಕಟ್ಟಿಸಿಕೊಂಡು ಹೋಗಿದ್ದ ಇಡ್ಲಿಯಲ್ಲಿ ಎರಡು ತಿಂದರು. ಚಟ್ನಿ ಬೇಡ ಅಂದರು.

ಕಛೇರಿ ಚೆನ್ನಾಗಿ ಆಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲ ಹೋದ ಮೇಲೆ ಆ ಮನುಷ್ಯ ‘ಇನ್ನು ಹತ್ತು ನಿಮಿಷ ಪಿಯಾನೊ ಮುಚ್ಚದೆ ಬಿಡಬಹುದಾ’ ಅಂತ ಕೇಳಿದರು. ಎರಡನೇ ರಚನೆಯಲ್ಲಿ ಒಂದು ಕಡೆ ತಮಗೆ ಸರಿ ಬರಲಿಲ್ಲವಂತೆ. ಪಕ್ಕದಲ್ಲೇ ಕೂತಿದ್ದ ನನಗೆ ಅದು ಗೊತ್ತೇ ಆಗಿರಲಿಲ್ಲ. ಕೆಲಸದ ಹುಡುಗರು ಕುರ್ಚಿ ಎತ್ತಿಡುತ್ತಿದ್ದರು. ಅವರು ಕೋಟು ಬಿಚ್ಚಿ, ಅದೇ ನಾಲ್ಕು ಬಾರ್‌ಗಳನ್ನು (ನಮ್ಮ ಆವರ್ತದ ಹಾಗೆ) ನಿಧಾನವಾಗಿ, ಇಪ್ಪತ್ತು ನಿಮಿಷ ನುಡಿಸಿದರು. ಮಾರನೆಯ ದಿನ ಅವರು ಬೇರೆ ಊರಿಗೆ ಹೋಗುವವರಿದ್ದರು. ಆ ರಚನೆ ಅಲ್ಲಿ ಇರಲೂ ಇಲ್ಲ. ನಿಮ್ಮ ಮಗಳ ಅರ್ಧ ಗಂಟೆಯ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಅವರು.

ಹೆಸರು ಮಾಡಿದ ಮೇಲೆ ಜೀವನ ಹೇಗೆ ಅಂದರೆ, ಎರಡು ವರ್ಷ ಮುಂಚೆಯೇ ಕಛೇರಿಗಳು ನಿಗದಿಯಾಗುತ್ತವೆ. ಇವತ್ತು ಒಪ್ಪಿಕೊಂಡ ಕನ್ಚೆರ್ಟೊ (ಆರ್ಕೆಸ್ಟ್ರಾ ಜೊತೆ ನುಡಿಸುವ ದೊಡ್ಡ ರಚನೆ) ಯಾವತ್ತೋ ನುಡಿಸಬೇಕು. ಆರ್ಕೆಸ್ಟ್ರಾ ಜೊತೆ ಒಂದೋ ಎರಡೋ ರಿಹರ್ಸಲ್ ಸಿಗುತ್ತದೆ, ಅಷ್ಟೇ. ಪೋರ್ಚುಗಲ್‌ನ ಮರಿಯಾ ಜೊವಾವ್ ಪಿರೆಸ್ ಒಂದು ಸಲ ಆಂಸ್ಟರ್‌ಡ್ಯಾಮ್‌ನಲ್ಲಿ ಜನರ ಮುಂದೆ ಕೂತಿದ್ದಾಗ, ತಾವು ತಯಾರಾಗಿ ಬಂದ ಮೊಜಾರ್ಟ್ ಕನ್ಚೆರ್ಟೊ ಬದಲು ಆರ್ಕೆಸ್ಟ್ರಾ ಡಿ ಮೈನರ್ ಕನ್ಚೆರ್ಟೊ ಶುರು ಮಾಡಿತು. ಅವರ ಮುಖ ಬಿಳಿಚಿಕೊಂಡದ್ದು, ತಲೆಗೆ ಕೈಹೊತ್ತದ್ದು ವಿಡಿಯೊದಲ್ಲಿ ಕಾಣುತ್ತದೆ. ಆರ್ಕೆಸ್ಟ್ರಾದ ಮುನ್ನುಡಿ ಮುಗಿಯುವಷ್ಟರಲ್ಲಿ ಅದು ಅವರ ನೆನಪಿಗೆ ಬಂತು. ನುಡಿಸಿದರು. ಅದನ್ನು ಮಗಳಿಗೆ ತೋರಿಸಿ. ಹಿಂದೆ ಎಷ್ಟು ಗಟ್ಟಿಯಾಗಿ ಕಲಿತಿದ್ದರೆ ಅದು ಸಾಧ್ಯ ಅಂತ ಅವಳಿಗೇ ಅರ್ಥವಾಗುತ್ತದೆ.

ಹೊಟ್ಟೆಪಾಡಿನ ಮಾತಿಗೆ ಬರುತ್ತೇನೆ. ಇಲ್ಲಿ ಸುತ್ತಿ ಬಳಸಿ ಹೇಳುವುದಿಲ್ಲ. ಬರೀ ಸೋಲೊ ಕಛೇರಿಯಿಂದ ಬದುಕುವ ಪಿಯಾನಿಸ್ಟ್‌ಗಳು ಇಡೀ ಜಗತ್ತಿನಲ್ಲೇ ತೀರ ಕಡಿಮೆ. ಆರ್ಕೆಸ್ಟ್ರಾದಲ್ಲಿ ಪಿಟೀಲಿಗೆ ಎರಡು ಡಜನ್‌ಗಿಂತ ಜಾಸ್ತಿ ಕುರ್ಚಿ ಇರಬಹುದು, ಪಿಯಾನೊಗೆ ಕಾಯಂ ಕುರ್ಚಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಮುಂಬಯಿಯಲ್ಲೇ 2006ರಿಂದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, ನರಿಮನ್ ಪಾಯಿಂಟ್‌ನ ಎನ್‌ಸಿಪಿಎ ಕಲಾಕೇಂದ್ರ ಅದರ ಮನೆ. ಅಲ್ಲಿ ಕನ್ಚೆರ್ಟೊ ನುಡಿಸಲು ಹೆಚ್ಚಾಗಿ ಹೊರಗಿನಿಂದ ಕಲಾವಿದರು ಬರುತ್ತಾರೆ.

ಹಾಗಾದರೆ ಪಿಯಾನಿಸ್ಟ್‌ಗಳು ಏನು ಮಾಡುತ್ತಾರೆ? ಪಾಠ ಹೇಳುತ್ತಾರೆ. ಹಾಡುವವರಿಗೆ, ಪಿಟೀಲಿನವರಿಗೆ ಪಕ್ಕವಾದ್ಯ ನುಡಿಸುತ್ತಾರೆ. ಮೂವರು ನಾಲ್ವರು ಸೇರಿ ಚೇಂಬರ್ ಸಂಗೀತ ನುಡಿಸುತ್ತಾರೆ. ಒಪೆರಾ ಕಂಪನಿಗಳಲ್ಲಿ ಹಾಡುಗಾರರಿಗೆ ತಾಲೀಮು ಕೊಡುತ್ತಾರೆ. ಬ್ಯಾಲೆ ತರಗತಿಗೆ, ಚರ್ಚಿಗೆ ನುಡಿಸುತ್ತಾರೆ. ನಮ್ಮ ಊರಲ್ಲಿ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರ ಕೆಲಸ ಇದೆ. ಇದನ್ನು ಸೋತವರ ಕೆಲಸ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಪಕ್ಕವಾದ್ಯದವರು ಕೆಳಗಿನವರು ಅಂತ ನಮ್ಮಲ್ಲಿ ಯಾರಾದರೂ ಹೇಳುತ್ತಾರಾ? ಹನ್ನೊಂದು ವರ್ಷದ ಹುಡುಗ ಪಿಟೀಲು ಹಿಡಿದು ನಡುಗುತ್ತ ನಿಂತಿರುತ್ತಾನೆ. ಅವನು ಒಂದು ಬಾರ್ ಬಿಟ್ಟು ಮುಂದೆ ಓಡಿದರೆ, ನಾನು ಪಿಯಾನೊದಲ್ಲಿ ಅದೇ ಕ್ಷಣ ಹಾರಿ ಅವನನ್ನು ಹಿಡಿದುಕೊಳ್ಳಬೇಕು. ಪರೀಕ್ಷಕರಿಗೆ ಗೊತ್ತಾಗಬಾರದು. ಹುಡುಗನಿಗೂ ಗೊತ್ತಾಗಬಾರದು. ಆ ಸುಖ ನನಗೆ ಯಾವ ಸೋಲೊದಲ್ಲೂ ಸಿಕ್ಕಿಲ್ಲ.

ಆದ್ದರಿಂದ ನಿಮ್ಮ ಮಗಳು ಈಗಿನಿಂದಲೇ ಬೇರೆಯವರ ಜೊತೆ ನುಡಿಸಲಿ. ಡೊಂಬಿವಲಿಯಲ್ಲೋ ಠಾಣೆಯಲ್ಲೋ ಪಿಟೀಲು ಕಲಿಯುವ ಮಗು ಸಿಕ್ಕೇ ಸಿಗುತ್ತದೆ. ವಾರಕ್ಕೊಂದು ಗಂಟೆ ಸಾಕು. ಪ್ರತಿದಿನ ಹತ್ತು ನಿಮಿಷ, ಹಿಂದೆ ನೋಡದ ಹೊಸ ಪುಟವೊಂದನ್ನು ನೋಡಿದ ಕೂಡಲೇ ನುಡಿಸುವ ಅಭ್ಯಾಸ ಇರಲಿ. ಮುಂದೆ ಅನ್ನ ಕೊಡುವ ವಿದ್ಯೆ ಅದು.

ಗ್ರೇಡ್‌ಗಳ ಬಗ್ಗೆ ಎರಡು ಮಾತು. ಲಂಡನ್ನಿನ ಟ್ರಿನಿಟಿ ಕಾಲೇಜಿನವರು 1877ರಿಂದ, ಎಬಿಆರ್‌ಎಸ್‌ಎಂ ಅನ್ನುವ ಬ್ರಿಟಿಷ್ ಪರೀಕ್ಷಾ ಮಂಡಳಿಯವರು 1889ರಲ್ಲಿ ಶುರುವಾದಾಗಿನಿಂದ ಈ ಪರೀಕ್ಷೆಗಳನ್ನು ನಡೆಸುತ್ತಿದ್ದಾರೆ. ಒಳ್ಳೆಯ ವ್ಯವಸ್ಥೆ, ಮಕ್ಕಳಿಗೆ ಒಂದು ಗುರಿ ಇರುತ್ತದೆ. ಆದರೆ ವರ್ಷವಿಡೀ ಪರೀಕ್ಷೆಯ ಮೂರೇ ಮೂರು ರಚನೆ ನುಡಿಸಿದ ಮಗುವಿನ ಕೈಯಲ್ಲಿ ವರ್ಷದ ಕೊನೆಗೆ ಏನೂ ಉಳಿಯುವುದಿಲ್ಲ. ಬಾಖ್ ಬರೆದ 48 ಪ್ರಿಲ್ಯೂಡ್ ಮತ್ತು ಫ್ಯೂಗ್ ಇವೆ, ಬೀಥೋವನ್ ಅವರ 32 ಸೊನಾಟಾ, ಮೊಜಾರ್ಟ್ ಅವರ 27 ಕನ್ಚೆರ್ಟೊ. ಅದೊಂದು ಸಮುದ್ರ. 7ನೇ ಗ್ರೇಡಿಗೆ ಈಗಲೇ ಓಡಿಸಬೇಡಿ. ಒಂದು ವರ್ಷ ಪರೀಕ್ಷೆ ಇಲ್ಲದೆ ಇರಲಿ. ಹತ್ತು ಹನ್ನೆರಡು ರಚನೆ ಕಲಿಯಲಿ. ಸ್ವರಲಿಪಿಯ ಹಾಳೆಗಳಿಗೆ ಧೋಬಿ ತಲಾವ್‌ನ ಫುರ್ಟಾಡೋಸ್‌ಗೆ ಒಮ್ಮೆ ಕರೆದುಕೊಂಡು ಹೋಗಿ. 1865ರಿಂದ ಇರುವ ಅಂಗಡಿ. ಈ ಊರಿನಲ್ಲಿ ಪಿಯಾನೊ ಕಲಿತವರಲ್ಲಿ ಅದರ ಮೆಟ್ಟಿಲು ಹತ್ತದವರು ಕಡಿಮೆ.

ಡಿಜಿಟಲ್ ಪಿಯಾನೊ ಸಾಕೇ ಅನ್ನುವುದನ್ನು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೂ ಹೇಳಬೇಕು. ಸಾಕಾಗುವುದಿಲ್ಲ. ಇಲ್ಲಿಯವರೆಗೆ ಸಾಕಿತ್ತು. ನಿಜವಾದ ಪಿಯಾನೊದಲ್ಲಿ ಕೀ ಹತ್ತು ಮಿಲಿಮೀಟರ್ ಕೆಳಗೆ ಹೋಗುತ್ತದೆ. ಅದನ್ನು ಕೆಳಗಿಳಿಸಲು ಸುಮಾರು 50 ಗ್ರಾಂ ತೂಕ ಸಾಕು. ಆ ಹತ್ತು ಮಿಲಿಮೀಟರ್‌ನಲ್ಲೇ ಎಲ್ಲ ನಡೆಯುವುದು. ಕೀ ಒತ್ತಿದಾಗ ಉಣ್ಣೆ ಸುತ್ತಿದ ಸುತ್ತಿಗೆ ತಂತಿಯ ಕಡೆ ಚಿಮ್ಮುತ್ತದೆ. ಕೊನೆಯ ಗಳಿಗೆಯಲ್ಲಿ ಸುತ್ತಿಗೆಗೂ ಬೆರಳಿಗೂ ಸಂಬಂಧ ಕಡಿದುಹೋಗುತ್ತದೆ. ಕವಣೆ ಕಲ್ಲಿನ ಹಾಗೆ ಅದು ಒಂದೇ ಹೋಗಿ ಬಡಿಯುತ್ತದೆ. ಅಂದರೆ ನೀವು ಏನು ಹೇಳಬೇಕೋ ಅದನ್ನು ಅದಕ್ಕಿಂತ ಮೊದಲೇ ಹೇಳಿಬಿಡಬೇಕು. ಈ ಸೂಕ್ಷ್ಮ ಬೆರಳಿಗೆ ಬರಬೇಕಾದರೆ ನಿಜವಾದ ಸುತ್ತಿಗೆ, ನಿಜವಾದ ತಂತಿ ಬೇಕು. ಅದರಲ್ಲೂ ತಂತಿಗಳು ಅಡ್ಡ ಮಲಗಿರುವ ಗ್ರ್ಯಾಂಡ್ ಪಿಯಾನೊದಲ್ಲಿ 1821ರಲ್ಲಿ ಫ್ರಾನ್ಸಿನ ಪಿಯಾನೊ ತಯಾರಕ ಎರಾರ್ ಕಂಡುಹಿಡಿದ ಒಂದು ಏರ್ಪಾಡಿದೆ. ಕೀ ಪೂರ್ತಿ ಮೇಲೆ ಬರುವ ಮೊದಲೇ ಅದೇ ಸ್ವರವನ್ನು ಮತ್ತೆ ನುಡಿಸಬಹುದು. ನಿಂತಿರುವ ಅಪ್‌ರೈಟ್ ಪಿಯಾನೊಗಳಲ್ಲಿ ಅದು ಸಾಮಾನ್ಯವಾಗಿ ಇಲ್ಲ. ಸದ್ಯಕ್ಕೆ ಗ್ರ್ಯಾಂಡ್ ಮರೆತುಬಿಡಿ. ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಅಪ್‌ರೈಟ್ ಹುಡುಕಿ. ಹುಡುಕುವಾಗ ಜೊತೆಗೆ ಪಿಯಾನೊ ಶ್ರುತಿ ಮಾಡುವ ಟ್ಯೂನರ್ ಒಬ್ಬರು ಇರಲೇಬೇಕು. ಹೊರಗಿನ ಪಾಲಿಶ್ ನೋಡಿ ಮೋಸಹೋದವರು ಬಹಳ. ಅಪ್‌ರೈಟ್ ಅಂದರೂ 200 ಕಿಲೊ ದಾಟುತ್ತದೆ. ಮೊದಲು ನಿಮ್ಮ ಬಿಲ್ಡಿಂಗಿನ ಲಿಫ್ಟ್, ಮೆಟ್ಟಿಲ ತಿರುವು ಅಳೆದುಕೊಳ್ಳಿ. ರಾತ್ರಿ ಹೊತ್ತಿನ ಅಭ್ಯಾಸಕ್ಕೆ ಹೆಡ್‌ಫೋನ್ ಹಾಕಿ ಡಿಜಿಟಲ್ ಇದ್ದೇ ಇದೆ. ಅಕ್ಕಪಕ್ಕದವರ ಹತ್ತಿರ ಮೊದಲೇ ಮಾತಾಡಿ, ಸಮಯ ಹೇಳಿ ಒಪ್ಪಿಸಿಕೊಳ್ಳಿ. ಹೇಳದೆ ಶುರು ಮಾಡಿದರೆ ಜಗಳ, ಹೇಳಿ ಶುರು ಮಾಡಿದರೆ ಅವರೇ ಬಂದು ಕೇಳುತ್ತಾರೆ. ನನ್ನ ಅನುಭವ.

ನಮ್ಮ ಮಳೆಗಾಲ ಪಿಯಾನೊದ ಶತ್ರು. ಒಳಗೆ ಸುಮಾರು 230 ತಂತಿಗಳಿವೆ, ಎಲ್ಲ ಸೇರಿ ಟನ್‌ಗಟ್ಟಲೆ ಎಳೆತ. ಅವುಗಳ ಹಿಂದೆ ದೊಡ್ಡ ಮರದ ಹಲಗೆ. ಜೂನ್ ಬಂತೆಂದರೆ ಹಲಗೆ ನೀರು ಹೀರಿ ಉಬ್ಬುತ್ತದೆ, ತಂತಿ ಬಿಗಿಯಾಗುತ್ತದೆ, ಶ್ರುತಿ ಏರುತ್ತದೆ. ಮಳೆ ನಿಂತು ಒಣಗಿದಾಗ ಇಳಿಯುತ್ತದೆ. ಕೀಗಳು ಊದಿಕೊಂಡು, ಒತ್ತಿದರೆ ಮೇಲೆ ಬರುವುದಿಲ್ಲ. ಹಗಲು ಎಸಿ ಹಾಕಿ ರಾತ್ರಿ ಕಿಟಕಿ ತೆಗೆದಿಟ್ಟರೆ ಇನ್ನೂ ಕೆಟ್ಟದು. ತೇವ ಜಾಸ್ತಿ ಇದ್ದರೂ ಒಂದೇ ಸಮ ಇದ್ದರೆ ಅದು ಹೇಗೋ ತಡೆದುಕೊಳ್ಳುತ್ತದೆ. ಹೊರಗೋಡೆಗೆ ತಾಗಿಸಿ ಇಡಬೇಡಿ. ವರ್ಷಕ್ಕೆ ಎರಡು ಸಲ ಟ್ಯೂನಿಂಗ್, ಒಂದು ಮಳೆ ಮುಗಿದು ಒಂದು ತಿಂಗಳಾದ ಮೇಲೆ.

ಶಾಲೆ ಬಿಡಿಸಬೇಡಿ. ಹತ್ತನೇದೂ ಮುಗಿಯಲಿ, ಹನ್ನೆರಡನೇದೂ ಮುಗಿಯಲಿ. ದಿನಕ್ಕೆ ಎರಡೂವರೆ, ಮೂರು ಗಂಟೆ ಈ ವಯಸ್ಸಿಗೆ ಧಾರಾಳ ಸಾಕು. ಶೋಪಾನ್ ತಮ್ಮ ಶಿಷ್ಯರಿಗೆ ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಬೇಡ ಅನ್ನುತ್ತಿದ್ದರು. ನನಗೆ ಆ ಮಾತು 23ನೇ ವಯಸ್ಸಿನಲ್ಲಿ ಗೊತ್ತಿರಲಿಲ್ಲ. ಡಿಪ್ಲೊಮಾ ಪರೀಕ್ಷೆಗೆ ಎಂಟು ವಾರ ಇತ್ತು. ದಿನಕ್ಕೆ ಏಳು ಗಂಟೆ ನುಡಿಸಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಉರಿ ಶುರುವಾಯಿತು. ಯಾರಿಗೂ ಹೇಳಲಿಲ್ಲ. ಮುಲಾಮು ತಿಕ್ಕಿಕೊಂಡು ನುಡಿಸಿದೆ. ಒಂದು ಬೆಳಿಗ್ಗೆ ಕಾಫಿ ಲೋಟ ಎತ್ತಲು ಹೋದೆ, ಕೈಯಿಂದ ಜಾರಿ ಬಿತ್ತು. ಐದು ತಿಂಗಳು ಪಿಯಾನೊ ಮುಟ್ಟಲಿಲ್ಲ. ಅಮೆರಿಕದ ಪಿಯಾನಿಸ್ಟ್ ಲಿಯಾನ್ ಫ್ಲೈಷರ್ ಅಂಥವರ ಬಲಗೈ ಬೆರಳುಗಳು 1960ರ ದಶಕದ ನಡುವೆ ತಾವಾಗಿಯೇ ಮಡಚಿಕೊಳ್ಳತೊಡಗಿದವು. ಸುಮಾರು ಮೂವತ್ತು ವರ್ಷ ಅವರು ಎಡಗೈಯ ರಚನೆಗಳನ್ನು ನುಡಿಸುತ್ತ, ಪಾಠ ಹೇಳುತ್ತ ಇದ್ದರು. ಆಮೇಲೆ ಚಿಕಿತ್ಸೆಯಿಂದ ಎರಡೂ ಕೈಯಲ್ಲಿ ನುಡಿಸುವಂತಾಯಿತು. ಮಗಳಿಗೆ ಒಂದು ನಿಯಮ ಹಾಕಿಕೊಡಿ. ನಲವತ್ತೈದು ನಿಮಿಷಕ್ಕೊಮ್ಮೆ ಏಳಬೇಕು. ನೋವು ಬಂದರೆ ಅದೇ ದಿನ ಮನೆಯಲ್ಲಿ ಹೇಳಬೇಕು. ಹೇಳಿದರೆ ನೀವು ಬೈಯಬಾರದು.

ಹದಿನೆಂಟಕ್ಕೆ ಮನೆ ಬಿಟ್ಟು ಹೋಗಬೇಕಾಗುತ್ತದೆ. ಇದು ನಿಮಗೆ ಕಷ್ಟದ ಮಾತು ಅಂತ ಗೊತ್ತು. ಮುಂದೆ ದೊಡ್ಡ ಆರ್ಕೆಸ್ಟ್ರಾ ನಿರ್ದೇಶಕರಾದ ನಮ್ಮೂರಿನ ಜುಬಿನ್ ಮೆಹ್ತಾ 1954ರಲ್ಲಿ, 18ನೇ ವಯಸ್ಸಿನಲ್ಲಿ, ಕಲಿಯಲು ವಿಯೆನ್ನಾಕ್ಕೆ ಹೋದರು. ಅವರ ಹಿಂದೆ ತಂದೆ ಮೆಹ್ಲಿ ಮೆಹ್ತಾ ಇದ್ದರು, 1935ರಲ್ಲೇ ಇಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಮುಂಬಯಿಯಲ್ಲೇ ಹುಟ್ಟಿದ ಪಿಯಾನಿಸ್ಟ್ ಮರಿಯಲೆನಾ ಫರ್ನಾಂಡಿಸ್ ವಿಯೆನ್ನಾದಲ್ಲಿ ನೆಲೆಸಿ ಅಲ್ಲಿನ ಸಂಗೀತ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಪರ್ವೇಜ್ ಮೋದಿ ಇಲ್ಲಿಂದ ಮಾಸ್ಕೊಗೆ ಹೋಗಿ ಕಲಿತು ಜರ್ಮನಿಯಲ್ಲಿ ಉಳಿದರು. ನಮ್ಮ ಕಡೆಯವರಿಗೆ ಇದು ಹೊಸದೂ ಅಲ್ಲ. ಭೀಮಸೇನ ಜೋಶಿಯವರು ಗುರುವನ್ನು ಹುಡುಕಿ ಮನೆ ಬಿಟ್ಟಾಗ ಅವರಿಗೆ 11 ವರ್ಷ. ನಿಮ್ಮ ಮಗಳು ಕನಿಷ್ಠ ಹೇಳಿ ಹೋಗುತ್ತಾಳೆ.

ಜರ್ಮನಿಯ ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯುರೋ ಇಟ್ಟರು. ಅಮೆರಿಕದ ಕರ್ಟಿಸ್ ಸಂಗೀತ ಕಾಲೇಜಿನಲ್ಲಿ 1928ರಿಂದ ಯಾರಿಗೂ ಬೋಧನಾ ಶುಲ್ಕ ಇಲ್ಲ, ಆದರೆ ಒಳಗೆ ಸೇರುವುದು ಬಹಳ ಕಷ್ಟ. ಊಟ, ಬಾಡಿಗೆಯ ಖರ್ಚು ಎಲ್ಲಿದ್ದರೂ ನಿಮ್ಮದೇ. ಪ್ರವೇಶ ಪರೀಕ್ಷೆಗೆ ಸಾಮಾನ್ಯವಾಗಿ ಬಾಖ್, ಒಂದು ಸೊನಾಟಾ, ಒಂದು ಎಟ್ಯೂಡ್ (ಕೈಚಳಕದ ಅಭ್ಯಾಸಕ್ಕೆ ಬರೆದ ರಚನೆ), 19ನೇ ಶತಮಾನದ ಮತ್ತು 20ನೇ ಶತಮಾನದ ಒಂದೊಂದು ರಚನೆ ಕೇಳುತ್ತಾರೆ. ಕಿವಿಯ ಪರೀಕ್ಷೆಯೂ ಇರುತ್ತದೆ. ಈಗಿನಿಂದ ಜರ್ಮನ್ ಭಾಷೆ ಕಲಿಯಲಿ. ವಾರಕ್ಕೆರಡು ದಿನ ಗಂಭೀರ ಪಾಠಕ್ಕೆ ಎನ್‌ಸಿಪಿಎಯಲ್ಲಿ ಅದೇ ಸಿಂಫನಿ ಆರ್ಕೆಸ್ಟ್ರಾದವರ ಎಸ್‌ಒಐ ಮ್ಯೂಸಿಕ್ ಅಕಾಡೆಮಿಯಲ್ಲಿ ವಿಚಾರಿಸಿ ನೋಡಿ. ಡೊಂಬಿವಲಿಯಿಂದ ದೂರ, ನಿಜ. ಟ್ರೈನಿನಲ್ಲಿ ಹೋಮ್‌ವರ್ಕ್ ಮುಗಿಸಿದ ಮಕ್ಕಳನ್ನು ನಾನು ನೋಡಿದ್ದೇನೆ.

‘ನಮಗೆ ಪಿಯಾನೊದ ಪರಂಪರೆಯೇ ಇಲ್ಲ’ ಅಂತ ನಿಮಗೆ ಅನಿಸಬಹುದು. ವಿಯೆಟ್ನಾಂನ ಡಾಂಗ್ ತಾಯ್ ಸೊನ್ ಬಗ್ಗೆ ಹೇಳುತ್ತೇನೆ. ಯುದ್ಧದ ಕಾಲದಲ್ಲಿ ಹನೋಯ್‌ನ ಸಂಗೀತ ಶಾಲೆಯನ್ನು ಬಾಂಬಿಗೆ ಹೆದರಿ ಹಳ್ಳಿಗೆ ಸಾಗಿಸಿದ್ದರು. ಆ ಹುಡುಗ ಅಲ್ಲಿ ತಾಯಿಯ ಹತ್ತಿರ ಪಿಯಾನೊ ಕಲಿತ. ಆಮೇಲೆ ಮಾಸ್ಕೊಗೆ ಹೋದ. 1980ರಲ್ಲಿ ವಾರ್ಸಾದ ಶೋಪಾನ್ ಸ್ಪರ್ಧೆ ಗೆದ್ದ, ಏಷ್ಯಾದಿಂದ ಮೊದಲಿಗ. 1927ರಲ್ಲಿ ಶುರುವಾದ, ಐದು ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆ ಅದು. 2021ರಲ್ಲಿ ಅದನ್ನು ಗೆದ್ದ ಬ್ರೂಸ್ ಲಿಯು ಇವರದೇ ಶಿಷ್ಯ. ಸ್ಪರ್ಧೆ ಗೆದ್ದರೆ ಕಛೇರಿಗಳು ಬರುತ್ತವೆ, ಹೌದು. ಕೊರಿಯಾದ ಯುನ್‌ಚಾನ್ ಲಿಮ್ 2022ರಲ್ಲಿ ಅಮೆರಿಕದ ವಾನ್ ಕ್ಲೈಬರ್ನ್ ಸ್ಪರ್ಧೆ ಗೆದ್ದಾಗ ಅವರಿಗೆ 18, ಪಿಯಾನೊ ಶುರು ಮಾಡಿದ್ದು ಏಳಕ್ಕೆ. ನಿಮ್ಮ ಮಗಳು ಶುರು ಮಾಡಿದ್ದು ಆರಕ್ಕೆ. ತಡವಾಗಿಲ್ಲ. ಆದರೆ ಮುಂದಿನ ಐದು ವರ್ಷ ಯಾರ ಹತ್ತಿರ ಕಲಿಯುತ್ತಾಳೆ ಅನ್ನುವುದು ಬಹಳ ದೊಡ್ಡ ಮಾತು.

ಕೊನೆಗೆ ನಿಮ್ಮ ಅತ್ತೆಯವರ ಮಾತು. ಅವರಿಗೆ ನನ್ನ ನಮಸ್ಕಾರ ಹೇಳಿ. ವೀಣೆ ಬೇಡ, ಸಮಯ ಸಾಲದು. ಆದರೆ ಮಗಳನ್ನು ದಿನಾ ಸಂಜೆ ಹತ್ತು ನಿಮಿಷ ಅವರ ಪಕ್ಕ ಕೂರಿಸಿ ದೇವರನಾಮ ಹಾಡಿಸಿ. ಇದನ್ನು ಅವರ ಸಮಾಧಾನಕ್ಕೆ ಹೇಳುತ್ತಿಲ್ಲ. ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಅದನ್ನು ಉದ್ದ ಮಾಡಲು ಬರುವುದಿಲ್ಲ, ಗಮಕ ಕೊಡಲು ಬರುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಸಾಲು ಕಟ್ಟುವುದು ನುಡಿಸುವವರ ಮನಸ್ಸಿನಲ್ಲಿ ಮಾತ್ರ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಅಕ್ಷರದ ಮೇಲೆ ಒತ್ತು, ಸಾಲಿನ ಕೊನೆ ಹೇಗೆ ಇಳಿಯಬೇಕು, ಇದು ಗಂಟಲಿಗೆ ಗೊತ್ತಿದ್ದರೆ ಬೆರಳಿಗೆ ಬರುತ್ತದೆ. ಶೋಪಾನ್ ಕೂಡ ಶಿಷ್ಯರಿಗೆ ಒಳ್ಳೆಯ ಹಾಡುಗಾರರನ್ನು ಹೋಗಿ ಕೇಳಿ ಅನ್ನುತ್ತಿದ್ದರು. ನಿಮ್ಮ ಮನೆಯಲ್ಲೇ ಹಾಡುವವರು ಒಬ್ಬರಿದ್ದಾರೆ.

ಎನ್‌ಸಿಪಿಎಯಲ್ಲಿ ಮುಂದೆ ಪಿಯಾನೊ ಕಛೇರಿ ಇದ್ದಾಗ ಮೂವರೂ ಬನ್ನಿ, ಅತ್ತೆಯವರನ್ನೂ ಕರೆದುಕೊಂಡು. ಟಿಕೆಟ್ ತೆಗೆಯುವಾಗ, ವೇದಿಕೆಗೆ ಮುಖ ಮಾಡಿ ಕೂತರೆ ಎಡಗಡೆ ಬರುವ ಸೀಟು ಕೇಳಿ. ಅಲ್ಲಿಂದ ಕೈ ಕಾಣುತ್ತದೆ, ಬಲಗಡೆಯಿಂದ ಮುಖ ಮಾತ್ರ. ಮುಗಿದ ಕೂಡಲೇ ಟ್ರೈನಿಗೆ ಓಡಬೇಡಿ. ಚಪ್ಪಾಳೆ ನಿಲ್ಲದಿದ್ದರೆ ಅವರು ವಾಪಸ್ ಬಂದು ಇನ್ನೊಂದು ಸಣ್ಣ ರಚನೆ ನುಡಿಸುತ್ತಾರೆ. ಸಿಎಸ್‌ಎಂಟಿ ಸ್ಟೇಷನ್ನಿನಿಂದ ಡೊಂಬಿವಲಿಗೆ ರಾತ್ರಿ ತಡವಾಗಿಯೂ ಲೋಕಲ್ ಇದೆ.